ಅತ್ತೆ ಬಳಿದ ಚೌಕ

ಆ ಬೀದಿಯಲ್ಲಿ ಯಾರಾದರೂ ಗೋಡೆಯ ಮೇಲೆ ನಂಬರು ಬರೆದು ಹೋದರೆ ಅದನ್ನು ಅಳಿಸುವುದು ಹಲ್ಲುಜ್ಜಿದಷ್ಟೇ ಸಹಜ ಕೆಲಸ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ರೈಲು ಹಳಿಗೂ ಹಳೆಯ ಗೋದಾಮುಗಳ ಹಿಂಗೋಡೆಗೂ ನಡುವೆ ಸಿಕ್ಕಿಕೊಂಡ ಬೀದಿ ಅದು. ಮೊದಮೊದಲು ತಗಡು, ಹಲಗೆ, ಒಡೆದ ಇಟ್ಟಿಗೆಯ ಮನೆಗಳಿದ್ದವು. ವರ್ಷ ಕಳೆದ ಹಾಗೆ ತಗಡು ಹೋಗಿ ಸಿಮೆಂಟು ಬಂತು, ಹಲಗೆ ಹೋಗಿ ಬಾಗಿಲು ಬಂತು. ಕಾಲ ಕೆಳಗಿನ ಜಾಗ ಮಾತ್ರ ಇನ್ಯಾರದೋ ಆಗಿಯೇ ಉಳಿಯಿತು. ನಗರಸಭೆಯವರು ಕೆಂಪು ಬಣ್ಣದಲ್ಲಿ ನಂಬರು ಹಾಕಿ ಹೋದರೆಂದರೆ ಹಿಂದಿನಿಂದಲೇ ಕೆಡವುವ ಯಂತ್ರ ಬರುತ್ತದೆಂದು ಅರ್ಥ. ಒಮ್ಮೆ ಹಾಗೆ ಯಂತ್ರ ಬಂದು ನೋಡಿದರೆ ಗೋಡೆಗಳ ಮೇಲೆ ಒಂದು ನಂಬರೂ ಇರಲಿಲ್ಲ. ಜನ ರಾತ್ರೋರಾತ್ರಿ ಬಳಿದುಬಿಟ್ಟಿದ್ದರು. ಯಾವುದನ್ನು ಕೆಡವಬೇಕು, ಯಾವುದನ್ನು ಬಿಡಬೇಕು ಎಂದು ಗುತ್ತಿಗೆದಾರನೂ ಡ್ರೈವರನೂ ಬಿಸಿಲಲ್ಲಿ ನಿಂತು ಜಗಳಾಡುತ್ತಿರುವಾಗಲೇ ಕೋರ್ಟಿನ ತಡೆಯಾಜ್ಞೆ ಬಂತು. ಅಲ್ಲಿಂದ ಮುಂದೆ ‘ನಂಬರಿಲ್ಲದ ಮನೆಗೆ ಯಮನಿಗೂ ದಾರಿ ಗೊತ್ತಾಗಲ್ಲ’ ಎಂಬುದು ಆ ಬೀದಿಯ ಗಾದೆಯಾಯಿತು.

ಆದ್ದರಿಂದ ಆ ಬುಧವಾರ ಸಂಜೆ ಕೆಲಸದಿಂದ ಬಂದವರೆಲ್ಲ ತಮ್ಮ ಬಾಗಿಲ ಪಕ್ಕದಲ್ಲಿ ಹೊಚ್ಚಹೊಸ ನಂಬರು ಕಂಡಾಗ ಚಪ್ಪಲಿಯನ್ನೂ ಬಿಡದೆ ಬಣ್ಣಕ್ಕನ ಮನೆಗೆ ಬಂದರು.

ಬಣ್ಣಕ್ಕ ಮನೆಗಳಿಗೆ ಬಣ್ಣ ಬಳಿಯುವವಳು. ಏಣಿ, ಬ್ರಷ್ಷು, ರೋಲರು, ಕೆರೆಯುವ ಪಟ್ಟಿ ಎಲ್ಲ ಅವಳ ಸ್ವಂತದ್ದು. ಯಾರ ಮನೆಯ ಕೆಲಸ ಮುಗಿದರೂ ಡಬ್ಬದ ತಳದಲ್ಲಿ ಮಿಕ್ಕದ್ದನ್ನು ಕೇಳಿ ತರುವಳು. ಹಾಗಾಗಿ ಅವಳ ಮನೆಯ ಗೋಡೆಗೆ ಒಂದು ವರ್ಷ ದಂತವೈದ್ಯರ ಹಸಿರು, ಇನ್ನೊಂದು ವರ್ಷ ಯಾವುದೋ ಬ್ಯಾಂಕಿನ ತಿಳಿಹಳದಿ. ಮನೆಯಲ್ಲಿ ಅವಳು, ಅವಳ ಅತ್ತೆ, ಶಾಲೆಗೆ ಹೋಗುವ ಮಗಳು. ಗಂಡ ಬೇರೆ ಊರಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿಕೊಂಡಿದ್ದ. ಅದು ಬೀದಿಗೆಲ್ಲ ಗೊತ್ತಿತ್ತು, ಯಾರೂ ಆಡಿಕೊಳ್ಳುತ್ತಿರಲಿಲ್ಲ. ವಾರಕ್ಕೊಮ್ಮೆ ತಾಯಿಗೆ ಮಾತ್ರ ಫೋನು ಮಾಡುತ್ತಿದ್ದ.

“ಈ ಸಲ ನೀಲಿಲಿ ಬರ್ದಿದಾರಲ್ಲ?” ಎಂದಳು ಬಣ್ಣಕ್ಕ, ನಂಬರನ್ನು ಬೆರಳಿನಿಂದ ಮುಟ್ಟಿ ನೋಡಿ.

“ಕೆಂಪು ಡಬ್ಬ ಖಾಲಿಯಾಗಿರ್ಬೇಕು ಬಿಡಕ್ಕ,” ಎಂದ ಎದುರುಮನೆಯ ಸೈಕಲ್ ರಿಪೇರಿಯವನು. “ಯಾವ ಬಣ್ಣದ ಹಾವಾದ್ರೂ ಹಾವೇ.”

ಅತ್ತೆಯೂ ಹೌದೆಂದಳು. ಮಧ್ಯಾಹ್ನ ಮೈಕು ಕಟ್ಟಿಕೊಂಡು ಒಂದು ಆಟೋ ಬಂದು ಏನೇನೋ ಕೂಗಿ ಹೋಯಿತಂತೆ. ಸರ್ಕಾರದ ಮೈಕು ಕೇಳಿದ ಕೂಡಲೇ ಅವಳು ರೂಢಿಯ ಪ್ರಕಾರ ಕಿಟಕಿ ಬಾಗಿಲು ಎರಡನ್ನೂ ಹಾಕಿಕೊಂಡು, ಮೇಲಿಂದ ದಿಂಬನ್ನು ಕಿವಿಗೊತ್ತಿ ಮಲಗಿದ್ದಳು. ಬೀದಿಯಲ್ಲಿ ಆ ಹೊತ್ತಿಗೆ ಮನೆಯಲ್ಲಿದ್ದ ಮಿಕ್ಕವರು ಮಾಡಿದ್ದೂ ಅದನ್ನೇ.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಣ್ಣಕ್ಕ ಇಡೀ ಬೀದಿಯ ನಂಬರುಗಳನ್ನು ನುಂಗಿ ಹಾಕಿದಳು. ಸುಮ್ಮನೆ ಬಳಿದರೆ ತೇಪೆ ಹಾಕಿದ ಹಾಗೆ ಕಾಣುತ್ತದಲ್ಲ. ಪ್ರತಿ ಗೋಡೆಯ ಬಣ್ಣವನ್ನು ನೋಡಿ, ಡಬ್ಬದಲ್ಲಿ ಅದಕ್ಕೆ ತಕ್ಕಂತೆ ಕಲಸಿ, ಅಂಚನ್ನು ಒದ್ದೆ ಬಟ್ಟೆಯಲ್ಲಿ ತೀಡಿ ಹಳೆಯ ಗೋಡೆಯೊಳಗೆ ಸೇರಿಸಿಬಿಟ್ಟಳು. ತನ್ನ ಮನೆಯದನ್ನು ಕೊನೆಗೆ ಮಾಡಿದಳು. ಅಲ್ಲಿ ನೀಲಿ ನಂಬರು ಬಿದ್ದಿದ್ದುದು ಸರಿಯಾಗಿ ಅತ್ತೆಯ ಚೌಕದ ಮೇಲೆಯೇ.

ಅತ್ತೆಯ ಚೌಕ ಎಂದರೆ ಬಾಗಿಲ ಬಲಗಡೆ, ಎದೆಮಟ್ಟಕ್ಕೆ, ಗೋಡೆ ಒಂದಿಷ್ಟು ಅಗಲಕ್ಕೆ ಉಬ್ಬಿಕೊಂಡು ನಿಂತ ಜಾಗ. ಬಣ್ಣಕ್ಕ ಮದುವೆಯಾಗಿ ಬಂದ ದಿನವೇ ಅದನ್ನು ಕಂಡಿದ್ದಳು. ಗೋಡೆಯೆಲ್ಲ ಒಂದು ಥರ, ಅಲ್ಲಿ ಮಾತ್ರ ಸುಣ್ಣ ಮೊಸರನ್ನದಂತೆ ಮೆತ್ತಿಕೊಂಡಿತ್ತು. ಯಾರು ಬಳಿದಿದ್ದು ಎಂದರೆ ‘ನಾನೇ’ ಎಂದಿದ್ದಳು ಅತ್ತೆ, ಆ ಕಡೆ ತಿರುಗದೆ. ಆಮೇಲೆ ಬಣ್ಣದ ಕಸುಬು ಹಿಡಿದ ಮೇಲೆ ಬಣ್ಣಕ್ಕನಿಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಾಯಿತು. ಎಷ್ಟು ಬಳಿದರೂ ಅಲ್ಲಿ ಪದರ ಎದ್ದು ಬರುವುದು. “ಊರೋರ ಗೋಡೆ ಎಲ್ಲ ಕನ್ನಡಿ, ನನ್ನ ಮನೆ ಮುಂದೆ ಮಾತ್ರ ನಿಮ್ಮ ಕೈಕೆಲಸದ ಪ್ರದರ್ಶನ,” ಎಂದು ಅಣಕಿಸುವಳು. ಪೂರ್ತಿ ಕೆರೆದು ಹೊಸದಾಗಿ ಪುಟ್ಟಿ ಮೆತ್ತಿ ನುಣುಪು ಮಾಡುತ್ತೇನೆಂದರೆ ಅತ್ತೆ ಬಿಡುತ್ತಿರಲಿಲ್ಲ. ಕೆರೆದರೆ ಗೋಡೆಯೇ ಉದುರುತ್ತದೆ, ಮೇಲೆ ಬಳಿ ಸಾಕು ಎನ್ನುವಳು. ತೇವದ ಗೋಡೆ, ಹಾಗೂ ಇದ್ದೀತು ಎಂದುಕೊಂಡು ಸೊಸೆ ವರ್ಷ ವರ್ಷ ಮೇಲೆ ಮೇಲೆಯೇ ಬಳಿದಿದ್ದಳು.

ಶುಕ್ರವಾರ ಸರ್ವೆಯವಳು ಬಂದಳು. ಹೆಗಲಿಗೆ ಚೀಲ, ಕೈಯಲ್ಲಿ ಅಳತೆ ಟೇಪು, ಎದೆಗೊತ್ತಿಕೊಂಡ ಟ್ಯಾಬು. ಬೆವರಿಗೆ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದಳು, ಆ ತುದಿಯಿಂದ ಈ ತುದಿಗೆ ವಾಪಸು ಬಂದಳು. ಬಣ್ಣಕ್ಕ ಅವತ್ತು ಮನೆಯಲ್ಲೇ ಇದ್ದಳು. ಅವಳು ಕೆಲಸ ಹಿಡಿದಿದ್ದ ಮನೆಯಲ್ಲಿ ಪುಟ್ಟಿ ಒಣಗಿರಲಿಲ್ಲ.

“ಯಾರಾದ್ರೂ ಹೇಳ್ತೀರಾ, ನಾನು ಸರಿಯಾದ ಬೀದಿಗೇ ಬಂದಿದೀನಾ?” ಎಂದು ಕೊನೆಗೆ ಆಕೆ ನಡುಬೀದಿಯಲ್ಲಿ ನಿಂತು ಕೇಳಿದಳು.

ಸೈಕಲ್ಲಿನವನು ಒಂದು ಚಕ್ರವನ್ನು ಬೇಕಿಲ್ಲದೆ ತಿರುಗಿಸುತ್ತ ಕುಳಿತ. ಸರ್ವೆಯವಳು ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ನೀರು ಕೇಳಿ ಕುಡಿದು, ಮೈಕಿನಲ್ಲಿ ಕೂಗಿ ಹೋಗಿದ್ದನ್ನೆಲ್ಲ ಮೊದಲಿಂದ ಹೇಳಿದಳು. ಹೊಸ ಕಾನೂನು ಬಂದಿದೆ. ಇಂಥ ಜಾಗಗಳಲ್ಲಿ ವರ್ಷಗಟ್ಟಲೆ ವಾಸ ಇರುವವರಿಗೇ ಜಾಗದ ಹಕ್ಕು ಬರೆದುಕೊಡುತ್ತಾರೆ. ಇನ್ನು ಮುಂದೆ ಹೇಳದೆ ಕೇಳದೆ, ಬೇರೆ ನೆಲೆ ತೋರಿಸದೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಮೊದಲಿನ ಹಾಗೆ ಮನೆಯ ಗಂಡಸಿನ ಹೆಸರಿಗೊಂದೇ ಅಲ್ಲ, ಆ ಮನೆಯಲ್ಲಿ ಬಾಳುತ್ತಿರುವ ದೊಡ್ಡವರೆಲ್ಲರ ಹೆಸರೂ ಬರಬೇಕು, ಹೆಂಗಸರದ್ದಂತೂ ಬಿಡುವ ಹಾಗೇ ಇಲ್ಲ. ನೀಲಿ ನಂಬರು ಹಾಕಿದ್ದು ಅದಕ್ಕೆ.

ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡೆವಲ್ಲ ಎಂಬ ಮುಖದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಬಣ್ಣಕ್ಕನನ್ನು ನೋಡಿದರು.

“ಅಳ್ಸಿದ್ದು ನಾನು ಮೇಡಂ,” ಎಂದಳು ಬಣ್ಣಕ್ಕ.

ಸರ್ವೆಯವಳು ಎದ್ದು ಹೋಗಿ ಹತ್ತಿರದ ಗೋಡೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು, ಉಗುರಿನಿಂದ ಸವರಿದಳು. “ಎಲ್ಲಿತ್ತು ಅಂತಾನೇ ಗೊತ್ತಾಗ್ತಿಲ್ವಲ್ರೀ. ನಮ್ಮನೆ ಹಾಲಿಗೆ ಬಣ್ಣ ಹೊಡ್ಯೋಕೆ ಬರ್ತೀರಾ?”

ಆ ಮಾತಿಗೆ ಮೊದಲು ನಕ್ಕಿದ್ದು ಅತ್ತೆ. ಆಮೇಲೆ ಬೀದಿಗೆ ಬೀದಿಯೇ ಹಗುರಾಯಿತು. ನಂಬರು ಹೋದರೆ ಹೋಗಲಿ, ನಕ್ಷೆ ತನ್ನ ಹತ್ತಿರ ಇದೆ ಎಂದಳು ಸರ್ವೆಯವಳು. ಸೈಕಲ್ಲಿನವನು ಟೇಪಿನ ತುದಿ ಹಿಡಿದ, ಅಳತೆ ಶುರುವಾಯಿತು.

ತೊಡಕು ಬಂದಿದ್ದು ಬಣ್ಣಕ್ಕನ ಮನೆ ಮುಂದೆ. ಕಾನೂನಿನಲ್ಲಿ ಒಂದು ಇಸವಿ ಗೊತ್ತು ಮಾಡಿದ್ದರು. ಅದಕ್ಕಿಂತ ಮೊದಲಿಂದ ಮನೆ ಇತ್ತೆಂದು ತೋರಿಸಬೇಕು. ಬೇರೆಯವರು ಹಳೆಯ ಕರೆಂಟ್ ಬಿಲ್ಲು, ಆಸ್ಪತ್ರೆ ಚೀಟಿ, ಮಕ್ಕಳ ಶಾಲೆಯ ಕಾಗದ ಏನೋ ಒಂದು ತಂದರು. ಈ ಮನೆಗೆ ಕರೆಂಟು ಬರುತ್ತಿದ್ದುದೇ ಎದುರುಮನೆಯ ಮೀಟರಿನಿಂದ. ಇದ್ದಬದ್ದ ಕಾಗದಗಳೆಲ್ಲ ತಗಡಿನ ಟ್ರಂಕಿನ ತಳದಲ್ಲಿದ್ದವು. ಬೀಗ ಇದ್ದ ಪೆಟ್ಟಿಗೆ ಅದೊಂದೇ ಎಂದು ಗಂಡ ಅದನ್ನೇ ಹೊತ್ತುಕೊಂಡು ಹೋಗಿದ್ದ.

ಸರ್ವೆಯವಳು ಗದರಲಿಲ್ಲ. ಕಾಗದವೇ ಆಗಬೇಕೆಂದಿಲ್ಲ, ಅಕ್ಕಪಕ್ಕದವರ ಮಾತಿನ ಜೊತೆಗೆ ಕಣ್ಣಿಗೆ ಕಾಣುವ ಒಂದು ಗುರುತು ಸಾಕು, ಹಳೆಯ ಫೋಟೋ ಆದರೂ ಸರಿ, ಸೋಮವಾರ ಮತ್ತೆ ಬರುತ್ತೇನೆ, ಅವತ್ತೇ ಈ ಬೀದಿಯ ಕೆಲಸ ಮುಗಿಸಬೇಕು ಎಂದಳು. ಸಿಗದೆ ಹೋದರೆ ಎಂದು ಬಣ್ಣಕ್ಕ ಕೇಳಿದಳು. ಸಿಗದೆ ಹೋದರೆ ಈ ಮನೆಯನ್ನು ಸಂಶಯದ ಮನೆ ಎಂದು ಬರೆದು ಮೇಲಕ್ಕೆ ಕಳಿಸಬೇಕಾಗುತ್ತದೆ, ಅಲ್ಲಿ ಏನಾಗುತ್ತದೋ ತನ್ನ ಕೈಯಲ್ಲಿಲ್ಲ ಎಂದಳು ಆಕೆ. ಹೇಳುವಾಗ ಅವಳಿಗೂ ಚೆನ್ನಾಗಿರಲಿಲ್ಲ.

ಮನೆಯಲ್ಲಿ ಫೋಟೋ ಇರಲಿಲ್ಲ. ಮದುವೆಯದು ಒಂದಿತ್ತು, ಅದೂ ಟ್ರಂಕಿನಲ್ಲೇ ಹೋಗಿತ್ತು.

ಶನಿವಾರ ಮಗನ ಫೋನು ಬಂತು. ಅತ್ತೆ ಎಂದಿನಂತೆ ಹೊಸ್ತಿಲಲ್ಲಿ ಕೂತು ಮಾತಾಡದೆ, ಎದ್ದು ಗೋದಾಮಿನ ಗೋಡೆಯವರೆಗೆ ನಡೆದಳು. ಸೊಸೆಯ ಕಿವಿಗೆ ಬಿದ್ದಿದ್ದು ಇಷ್ಟೇ: “ಗೊತ್ತಾಯ್ತಪ್ಪ. ನಿನ್ನ ಹೆಸರು. ಗೊತ್ತಾಯ್ತು ಅಂದೆನಲ್ಲ.” ಕಾನೂನಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಬಣ್ಣಕ್ಕ ಬ್ರಷ್ಷು ತೊಳೆಯುತ್ತಿದ್ದವಳು ತೊಳೆಯುತ್ತಲೇ ಇದ್ದಳು, ನೀರು ತಿಳಿಯಾದ ಮೇಲೂ. ಹೆತ್ತ ಕರುಳು, ಏನು ಹೇಳುವುದು. ಗೋಡೆಗೆ ಎಷ್ಟು ಬಳಿದರೂ ಗೋಡೆ ಬಳಿದವಳದ್ದಾಗುವುದಿಲ್ಲ, ಅದು ಅವಳ ಕಸುಬೇ ಕಲಿಸಿದ ಪಾಠ. ಎಷ್ಟು ಮನೆಗಳಿಗೆ ಬಳಿದು, ಗೃಹಪ್ರವೇಶದ ಹೊತ್ತಿಗೆ ಹಿಂಬಾಗಿಲಿನಿಂದ ಏಣಿ ಹೊತ್ತು ಬಂದಿರಲಿಲ್ಲ ಅವಳು? ತನ್ನ ಮನೆಯೂ ಆ ಸಾಲಿಗೇ ಸೇರುತ್ತದೇನೋ ಎಂಬ ಯೋಚನೆ ಮಾತ್ರ ಹೊಸದು. ಅತ್ತೆ ವಾಪಸು ಬಂದ ಮೇಲೆ ಇಬ್ಬರೂ ಮಗುವಿನ ಜಡೆ ಹೆಣೆಯುವ ವಿಷಯಕ್ಕೆ ಸ್ವಲ್ಪ ಜಗಳವಾಡಿ ಊಟ ಮಾಡಿದರು.

ಭಾನುವಾರ ಅವಳು ಒದ್ದೆ ಬಟ್ಟೆ, ಬಕೆಟ್ಟು, ಕೆರೆಯುವ ಪಟ್ಟಿ ಹಿಡಿದು ಬೀದಿಗಿಳಿದಳು. ಯಾರೂ ಹೇಳಿರಲಿಲ್ಲ. ತಾನು ಮುಚ್ಚಿದ್ದನ್ನು ತಾನೇ ತೆರೆದು ಕೊಡಬೇಕು ಎಂದಿತ್ತು ಅವಳಿಗೆ. ಹೊಸ ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ನೆನೆಸಿ ಒರೆಸಿದರೆ ನೀಲಿ ನಂಬರು ನಿದ್ದೆಯಿಂದೆದ್ದ ಮಗುವಿನ ಮುಖದಂತೆ ಮೆಲ್ಲಗೆ ಮೇಲೆ ಬರುತ್ತಿತ್ತು. ಸೈಕಲ್ಲಿನವನು ಹಿಂದೆ ಹಿಂದೆ ಬಂದು ಸಲಹೆ ಕೊಟ್ಟ. ತನ್ನ ಮನೆಯ ನಂಬರನ್ನು ಸ್ವಲ್ಪ ದಪ್ಪಗೆ ತಿದ್ದಿಕೊಡು, ಜಾಗ ದೊಡ್ಡದು ಅಂತ ಮೇಡಂ ತಿಳ್ಕೊಳ್ಳಲಿ ಎಂದ. ನಿನ್ನ ತಲೆಗೊಂದು ಕೋಟು ಬಳಿತೀನಿ ನಿಂತ್ಕೋ ಎಂದಳು ಬಣ್ಣಕ್ಕ.

ಅವಳ ಮನೆಯ ಸರದಿ ಬಂದಾಗ ಅತ್ತೆ ನಲ್ಲಿಯ ಹತ್ತಿರ ಹೋಗಿದ್ದಳು. ಚೌಕದ ಮೇಲೆ ಒದ್ದೆ ಬಟ್ಟೆ ಇಟ್ಟು ತೆಗೆದಳು, ಪಟ್ಟಿಯಿಂದ ಒಂದೇ ಒಂದು ಸಲ ಹಗುರಾಗಿ ಎಳೆದಳು. ಅಷ್ಟಕ್ಕೇ ಹಳೆಯ ಉಬ್ಬು ಬಿರಿದು, ಅಂಗೈಯಗಲದ ದಪ್ಪ ಚಕ್ಕೆಯೊಂದು ಬುಡಸಮೇತ ಕಳಚಿ ಕಾಲ ಬಳಿ ಬಿತ್ತು. ಒಳಗೆ ಕೆಂಪಿತ್ತು.

ಅವಳು ಕೈಯಿಂದಲೇ ಉಳಿದದ್ದನ್ನು ಬಿಡಿಸಿದಳು. ಕಷ್ಟವೇ ಆಗಲಿಲ್ಲ. ಎಣ್ಣೆ ಬಣ್ಣದ ಮೇಲೆ ಬರೀ ಸುಣ್ಣ ಬಳಿದರೆ ಅದು ಹಿಡಿಯುವುದಿಲ್ಲ, ಇಷ್ಟು ವರ್ಷ ಪದರ ಏಳುತ್ತಿದ್ದುದಕ್ಕೆ ಕಾರಣ ತೇವವಲ್ಲ. ಒಂದು ದೊಡ್ಡ ಕೆಂಪು ಗೀಟು, ಅದರ ಪಕ್ಕ ನಂಬರು, ನಂಬರಿನ ಕೆಳಗೆ ತಾರೀಖು, ತಾರೀಖಿನ ಕೊನೆಗೆ ಇಸವಿ. ನಗರಸಭೆಯ ಅಚ್ಚು ಅಕ್ಷರ. ಕಾನೂನು ಗೊತ್ತು ಮಾಡಿದ ಇಸವಿಗಿಂತ ಹಿಂದಿನದು.

“ಮುಚ್ಚೇ ಅದನ್ನ,” ಎಂದಳು ಹಿಂದಿನಿಂದ ಅತ್ತೆ. ಕೊಡ ಸೊಂಟದಿಂದ ಇಳಿಸಿರಲಿಲ್ಲ.

“ಅತ್ತೆ, ಇದು ಸಿಕ್ಕಿದ್ದು ಒಳ್ಳೇದಾಯ್ತು. ಇದೇ ಗುರುತು. ಆಗ್ಲೇ ಮನೆ ಇತ್ತು ಅಂತ ಅವ್ರೇ ಬರ್ದಿಟ್ಟು ಹೋಗಿದಾರೆ.”

“ಅದೆಲ್ಲ ಗೊತ್ತಿಲ್ಲ. ಮೊದ್ಲು ಮುಚ್ಚು.” ಅತ್ತೆ ಕೊಡ ಇಳಿಸಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತು ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪ ಮಾಡಿದಳು. “ನಿನ್ನ ಮದ್ವೆ ಹತ್ರ ಇತ್ತು. ಗೋಡೆ ಮೇಲೆ ಅದನ್ನ ಬರ್ದು ಹೋದ್ರು. ಬೀಳೋ ಮನೆಗೆ ಹೆಣ್ಣು ತರ್ತಿದೀನಲ್ಲ ಅಂತ ನಂಗೆ ಹೊಟ್ಟೇಲಿ ಬೆಂಕಿ. ನಿಮ್ಮಪ್ಪ ನೋಡಿದ್ರೆ ಕೊಡ್ತಿದ್ನಾ? ನೀನು ನೋಡಿದ್ರೆ ಬರ್ತಿದ್ಯಾ? ಸುಣ್ಣ ತಂದು ಸಿಕ್ಕಿದ್ ಹಾಗೆ ಮೆತ್ತಿದೆ. ಆಮೇಲೆ ಹೇಳೋಣ ಅಂತಿದ್ದೆ. ನೀನು ಬಂದ ದಿನಾನೇ ಅದನ್ನೇ ನೋಡಿ, ಯಾರು ಹೀಗೆ ಬಳ್ದಿದ್ದು ಅಂತ ಕೇಳ್ಬಿಟ್ಟೆ. ಅಲ್ಲಿಗೆ ನನ್ನ ಬಾಯಿಗೆ ಬೀಗ ಬಿತ್ತು.”

ಬಣ್ಣಕ್ಕ ಪಟ್ಟಿ ಹಿಡಿದುಕೊಂಡೇ ಅತ್ತೆಯ ಪಕ್ಕ ಕೂತಳು. ಇಷ್ಟು ವರ್ಷ ಆಡಿದ ಅಣಕಗಳೆಲ್ಲ ಒಂದೊಂದಾಗಿ ನೆನಪಾದವು. ನಗು ಬಂತು, ಅದರ ಹಿಂದೆ ಇನ್ನೇನೋ ಬಂತು, ಅದನ್ನು ನುಂಗಿಕೊಂಡಳು.

“ಸುಣ್ಣಕ್ಕೆ ಮುಂಚೆ ಒಂದ್ ಕೋಟು ಪ್ರೈಮರ್ ಹೊಡ್ದಿದ್ರೆ ಹಿಡ್ಕೊಳ್ತಿತ್ತು, ಈ ಗೋಳಿರ್ಲಿಲ್ಲ,” ಎಂದಳು.

“ನಿಂಗೆ ಅದೊಂದೇ,” ಎಂದಳು ಅತ್ತೆ.

ಆದರೆ ಒಲೆ ಹಚ್ಚುವ ಹೊತ್ತಿಗೆ ಬಣ್ಣಕ್ಕನಿಗೆ ಇನ್ನೊಂದು ಹೊಳೆಯಿತು. ಆ ತಾರೀಖು ಅವಳ ಮದುವೆಗಿಂತ ಮುಂಚಿನದು. ಗೋಡೆ ಸಾಕ್ಷಿ ಹೇಳುವುದಾದರೆ ಅತ್ತೆಯ ಪರವಾಗಿ ಹೇಳುತ್ತದೆ, ಆಗ ಈ ಮನೆಯಲ್ಲಿದ್ದ ಮಗನ ಪರವಾಗಿ ಹೇಳುತ್ತದೆ. ಅವಳು ಆಗ ಇಲ್ಲಿ ಇರಲೇ ಇಲ್ಲ. ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದ್ದೇನೋ ನಿಜ, ಯಾರ ಕಾಲಿಗೆ ಎಂಬುದೇ ಪ್ರಶ್ನೆ. ಹೇಳಲೋ ಬೇಡವೋ ಎಂದು ಯೋಚಿಸಿ, ಹಿಟ್ಟು ಕಲಸಿದಳು. ಮನೆ ಉಳಿಯಲಿ ಮೊದಲು, ಹೆಸರು ಆಮೇಲಿನ ಮಾತು ಎಂದು ತನಗೆ ತಾನೇ ಹೇಳಿಕೊಂಡಳು. ನಂಬಿಕೆ ಬರಲಿಲ್ಲ.

ಸೋಮವಾರ ಸರ್ವೆಯವಳು ಬಂದು ಕೆಂಪು ಗುರುತಿನ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಹತ್ತಿರದಿಂದ, ದೂರದಿಂದ, ಓರೆಯಿಂದ ಫೋಟೋ ತೆಗೆದಳು. “ಇದಕ್ಕಿಂತ ಗಟ್ಟಿ ಸಾಕ್ಷಿ ಈ ಬೀದಿಲೇ ಇಲ್ಲ ನೋಡಿ. ಸರ್ಕಾರದ್ದೇ ಅಕ್ಷರ, ಸರ್ಕಾರದ್ದೇ ತಾರೀಖು. ನಮ್ಮವ್ರೇ ಕೆಡವೋಕೆ ಅಂತ ಬರ್ದಿದ್ದು,” ಎಂದು ಕನ್ನಡಕ ಒರೆಸಿಕೊಂಡಳು. ಅಳತೆ ಮುಗಿದಿತ್ತು. ಟ್ಯಾಬನ್ನು ಮೊಣಕಾಲ ಮೇಲಿಟ್ಟುಕೊಂಡು ಹೆಸರು ಕೇಳಿದಳು. ಸೈಕಲ್ಲಿನವನು, ಅಕ್ಕಪಕ್ಕದವರು ಸಾಕ್ಷಿಗೆಂದು ನಿಂತಿದ್ದರು. ಅತ್ತೆ ತನ್ನ ಹೆಸರು ಹೇಳಿದಳು.

“ಮಗ ಇದಾರಾ ಅಮ್ಮ?”

“ಇದಾನೆ. ಚೆನ್ನಾಗಿದಾನೆ.”

“ಅವ್ರ ಹೆಸ್ರು?”

ಬಣ್ಣಕ್ಕ ಅಂಗೈಯಲ್ಲಿ ಅಂಟಿದ್ದ ಒಣ ಬಣ್ಣವನ್ನು ಕೀಳುತ್ತ ನಿಂತಳು. ಅತ್ತೆ ಬಗ್ಗಿ, ಮೂಲೆಯಲ್ಲಿ ಎತ್ತಿಟ್ಟಿದ್ದ ಚಕ್ಕೆಯನ್ನು ತಂದಳು, ನಿನ್ನೆ ಗೋಡೆಯಿಂದ ಬಿದ್ದದ್ದು. ಅದರ ಒಡೆದ ಅಂಚನ್ನು ಸರ್ವೆಯವಳ ಕಣ್ಣ ಮುಂದೆ ಹಿಡಿದಳು. ಬೆರಳ ದಪ್ಪಕ್ಕೆ ಬಣ್ಣಗಳು ಒಂದರ ಮೇಲೊಂದು ಕೂತಿದ್ದವು.

“ಈ ಕೆಳಗಿನ ಸುಣ್ಣ ಇದ್ಯಲ್ಲ, ಇದೊಂದು ನಂದು. ಇದ್ರ ಮೇಲಿಂದ ಅವಳ್ದು. ಈ ಹಸಿರು ಹಲ್ಲಿನ ಡಾಕ್ಟ್ರ ಮನೇದು, ಆಗ ಮೊಮ್ಮಗಳು ಹೊಟ್ಟೇಲಿದ್ಲು, ಬೇಡ ಅಂದ್ರೂ ಏಣಿ ಹತ್ತಿದ್ಲು. ಈ ಗುಲಾಬಿ ಮಗು ಹುಟ್ಟಿದ ವರ್ಷ. ಈ ಹಳದಿ ಹೊತ್ಗೆ ಅವನು ಟ್ರಂಕ್ ತಗೊಂಡು ಹೋಗಿದ್ದ. ಆಮೇಲಿಂದು ನೀಲಿ, ಮತ್ತೆ ಹಳದಿ, ಇದ್ಯಾವ್ದೋ ಬೂದಿ, ಸ್ಕೂಲಿಂದು ಇರ್ಬೇಕು. ಇದ್ರಲ್ಲಿ ಒಂದು ಕೋಟಾದ್ರೂ ಅವನ ಕೈದು ಇದ್ಯಾ ಅಂತ ನೀವೇ ಹುಡ್ಕಿ ಮೇಡಂ. ಇದ್ರೆ ಬರ್ಕೊಳಿ.” ಉಸಿರು ತೆಗೆದುಕೊಂಡಳು. “ನೀವು ವಾಸ ಇರೋರ ಹೆಸ್ರು ತಾನೆ ಕೇಳಿದ್ದು? ಅವನು ಬಂದ್ರೆ ಬಾಗಿಲು ತೆಗೀತೀನಿ, ಊಟಕ್ಕೂ ಹಾಕ್ತೀನಿ, ಹೆತ್ತಿದೀನಿ. ಹೆಸ್ರು ಮಾತ್ರ ಇಲ್ಲಿರೋರದ್ದು. ಅವಳ್ದು, ನಂದು.”

ಸರ್ವೆಯವಳು ಚಕ್ಕೆಯ ಫೋಟೋವನ್ನೂ ತೆಗೆದುಕೊಂಡಳು. ಅದು ಯಾವ ಕಲಮಿಗೆ ಸೇರುತ್ತದೋ ತನಗೂ ಗೊತ್ತಿಲ್ಲ, ಇರಲಿ ಎಂದಳು. ಯಾರ ಹೆಸರು ಮೊದಲು ಬರೆಯಲಿ ಎಂದು ಕೇಳಿದಳು.

“ಅವಳ್ದೇ ಮೇಲೆ ಹಾಕಿ,” ಎಂದಳು ಅತ್ತೆ. “ನನ್ನ ಕೆಲ್ಸದ ಮೇಲೆ ಬಳಿಯೋದು ಅವಳಿಗೆ ಮೊದ್ಲಿಂದ ಅಭ್ಯಾಸ.”

ಬಣ್ಣಕ್ಕ ಒಳಗೆ ಹೋಗಿ ಎಲ್ಲರಿಗೂ ಚಹಾ ಇಟ್ಟಳು, ಸಕ್ಕರೆ ಹಾಕುವುದನ್ನೇ ಮರೆತಳು. ಸೈಕಲ್ಲಿನವನು ಒಬ್ಬನೇ ಅದನ್ನು ಎತ್ತಿ ಆಡಿದ.

ಅದಾದ ಮೇಲೆ ಬೀದಿಯಲ್ಲಿ ಕೆರೆಯುವ ಹುಚ್ಚು ಹಿಡಿಯಿತು. ಕಾಗದ ಇದ್ದವರೂ ತಮ್ಮ ಗೋಡೆಯ ಕೆಂಪು ಹುಡುಕಿಕೊಡು ಎಂದು ಬಣ್ಣಕ್ಕನ ಬೆನ್ನು ಬಿದ್ದರು. ಸೈಕಲ್ಲಿನವನ ಮನೆಯಲ್ಲಿ ಎಷ್ಟು ಕೆರೆದರೂ ಇಟ್ಟಿಗೆ ಬಂತೇ ಹೊರತು ನಂಬರು ಬರಲಿಲ್ಲ. ಅವನಿಗೆ ಸ್ವಲ್ಪ ಅವಮಾನವೇ ಆಯಿತು. ತನ್ನ ಮನೆಯನ್ನು ಕೆಡವಲೂ ಯಾರೂ ಲೆಕ್ಕಕ್ಕಿಟ್ಟಿರಲಿಲ್ಲವೇ ಎಂದು.

ಹಕ್ಕುಪತ್ರ ಬರುವಷ್ಟರಲ್ಲಿ ಶಾಲೆಗೆ ರಜೆ ಬಂದು ಮುಗಿದಿತ್ತು. ಮೇಲೆ ಬಣ್ಣಕ್ಕನ ಹೆಸರು, ಕೆಳಗೆ ಅತ್ತೆಯದು. ಬಣ್ಣಕ್ಕ ಕೈ ತೊಳೆದು, ಒರೆಸಿ, ಮತ್ತೆ ತೊಳೆದು ಅದನ್ನು ಹಿಡಿದಳು. ಆದರೂ ಅವಳ ಬೆರಳಿನಲ್ಲಿ ಉಳಿದಿದ್ದ ಒಂದಿಷ್ಟು ಕೆನೆಬಣ್ಣ ಮೂಲೆಗೆ ತಾಗಿತು. ಅಷ್ಟು ದಿನ ‘ಗೋದಾಮಿನ ಹಿಂದೆ’ ಎಂದು ಶಾಲೆಯಲ್ಲಿ ವಿಳಾಸ ಬರೆಯುತ್ತಿದ್ದ ಮಗಳು ಮನೆ ನಂಬರನ್ನು ಪುಸ್ತಕದ ರಟ್ಟಿನ ಮೇಲೆಲ್ಲ ಬರೆದು ಅಜ್ಜಿಯಿಂದ ಬೈಸಿಕೊಂಡಳು.

ಆ ಭಾನುವಾರ ಮೂವರೂ ಬಣ್ಣದ ಅಂಗಡಿಗೆ ಹೋದರು. ಅಂಗಡಿಯವನು ಬಣ್ಣಕ್ಕನನ್ನು ಕಂಡು ರೂಢಿಯಂತೆ, ಯಾರ ಮನೆಗೆ ಎಂದು ಕೇಳಿದ. ‘ನಮ್ಮನೆಗೆ’ ಎಂದಳು. ಅವನು ಬಣ್ಣಗಳ ಚೀಟಿಗಳ ದಪ್ಪ ಕಟ್ಟನ್ನು ಅವಳ ಮುಂದಿಟ್ಟ. ಗಿರಾಕಿಗಳಿಗೆ ಅದನ್ನು ಬಿಡಿಸಿ ತೋರಿಸಿ ಇದು ಚೆನ್ನ, ಅದು ಚೆನ್ನ ಎಂದು ಹೇಳಿ ಅವಳಿಗೆ ಗೊತ್ತು. ತನಗೆ ಯಾವುದು ಇಷ್ಟ ಎಂಬುದೇ ಅವಳಿಗೆ ತಟ್ಟನೆ ತೋಚಲಿಲ್ಲ. ಅತ್ತೆ ಬಿಳಿ ಎಂದಳು, ಮನೆ ಎಂದರೆ ಬಿಳಿ. ಮಗಳು ನೇರಳೆ ಎಂದಳು. ಬಣ್ಣಕ್ಕ ಕಟ್ಟನ್ನು ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ತಿರುವಿದಳು. ಅಂಗಡಿ ಬಾಗಿಲು ಹಾಕುವ ಹೊತ್ತಾದರೂ ಮೂವರದೂ ಮೂರು ದಾರಿ. ಕೊನೆಗೆ ಪ್ರೈಮರ್ ಡಬ್ಬ ಒಂದನ್ನು ಮಾತ್ರ ಕೊಂಡು ಮನೆಗೆ ಬಂದರು.

ಈಗಲೂ ಬೀದಿಯಲ್ಲಿ ಬಣ್ಣ ಕಾಣದ ಗೋಡೆ ಅದೊಂದೇ. ಪ್ರೈಮರ್ ಆಗಿದೆ, ಅಚ್ಚುಕಟ್ಟಾಗಿ, ಮೂಲೆಯಿಂದ ಮೂಲೆಗೆ. ಬಾಗಿಲ ಬಲಗಡೆ ಎದೆಮಟ್ಟಕ್ಕೆ ಕೆಂಪು ನಂಬರು ಕಾಣುವ ಹಾಗೆ ಒಂದು ಚೌಕ ಮಾತ್ರ ಬಿಟ್ಟಿದ್ದಾಳೆ, ಸುತ್ತ ತೆಳು ಬ್ರಷ್ಷಿನಲ್ಲಿ ಗೀಟು ಎಳೆದು. ಅದನ್ನು ಮುಚ್ಚು ಎಂದು ಅತ್ತೆ ದಿನಕ್ಕೊಮ್ಮೆ ಹೇಳುತ್ತಾಳೆ. ಬಣ್ಣ ಯಾವುದೆಂದು ಗೊತ್ತಾಗಲಿ, ಆಮೇಲೆ ನೋಡೋಣ ಎನ್ನುತ್ತಾಳೆ ಸೊಸೆ, ಏಣಿ ಹೆಗಲಿಗೇರಿಸಿ ಕೆಲಸಕ್ಕೆ ಹೊರಡುತ್ತ.